ಹಿತ್ತಿಲ ತರಕಾರಿಗೆ ಸೊಪ್ಪಿನ ಕಷಾಯ: ನಮ್ಮ ಕರಾವಳಿಯಲ್ಲಿ ಯಾವುದು ನಿಜವಾಗಿ ಹಿಡಿಯುತ್ತದೆ?

ಕಾಪು_ಹಿತ್ತಿಲು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಪು ಹತ್ತಿರ. ಭತ್ತ ಕೊಯ್ದಾದ ಮೇಲೆ ಮನೆ ಎದುರಿನ ಗದ್ದೆಯ ಮೂಲೆಯಲ್ಲಿ ಅಲಸಂಡೆ, ಬದನೆ, ಹಾಗಲ, ಹರಿವೆ ಹಾಕುತ್ತೇವೆ. ಮಾರಲಿಕ್ಕೆ ಅಲ್ಲ, ಮನೆಗೆ ಮತ್ತು ನೆರೆಕರೆಯವರಿಗೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಎಳೆ ಅಲಸಂಡೆ ಕೊಯ್ದು ಅಲ್ಲಿಯೇ ತಿನ್ನುತ್ತಾರೆ. ಹಾಗಾಗಿ ಅಂಗಡಿಯ ವಿಷ ಬೇಡವೇ ಬೇಡ ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ.

ಈಗ ಅಲಸಂಡೆಯ ತುದಿಗೆ ಕಪ್ಪು ಹೇನು ಮುತ್ತಿದೆ. ಬದನೆಯ ಚಿಗುರು ಬಾಡಿ ಜೋಲುತ್ತಿದೆ. ಹಾಗಲದ ಮಿಡಿ ಹಳದಿಯಾಗಿ ಕೊಳೆಯುತ್ತಿದೆ. ವಾಟ್ಸಾಪಿನಲ್ಲಿ ದಿನಕ್ಕೊಂದು ಕಷಾಯ ಬರುತ್ತದೆ. ಒಬ್ಬರು ಬೇವು ಅಂತಾರೆ, ಇನ್ನೊಬ್ಬರು ಹೊಗೆಸೊಪ್ಪು, ಮತ್ತೊಬ್ಬರು ಸೀತಾಫಲದ ಬೀಜ. ನಮ್ಮಲ್ಲಿ ಕಹಿಬೇವಿನ ಮರವೇ ಅಪರೂಪ ಅಲ್ವಾ? ಯಾವುದು ಕೆಲಸ ಮಾಡುತ್ತದೆ, ಯಾವುದು ಸುಮ್ನೆ? ಮಾಡಿ ನೋಡಿದವರು ಹೇಳಿ.

ಪೆರ್ಡೂರು_ಸಹಜ
ದಶಪರ್ಣಿ ಕಷಾಯ ಮಾಡಿ. ಹತ್ತು ಜಾತಿಯ ಸೊಪ್ಪು, ಸೆಗಣಿ, ಗಂಜಳ ಹಾಕಿ ತಿಂಗಳುಗಟ್ಟಲೆ ಕೊಳೆಸಿ, ಸೋಸಿ, ನೀರು ಬೆರೆಸಿ ಹೊಡೆಯಿರಿ. ದನ ಮುಟ್ಟದ ಯಾವ ಸೊಪ್ಪಾದರೂ ಆಗುತ್ತದೆ: ಎಕ್ಕ, ಆಡುಸೋಗೆ, ನೆಕ್ಕಿ (ಲಕ್ಕಿ), ಲಂಟಾನ, ಹೊಂಗೆ. ಎಲ್ಲ ಹುಳಕ್ಕೂ ಒಂದೇ ಮದ್ದು.

ಬ್ರಹ್ಮಾವರ_ಕೀಟಮಿತ್ರ
ಪೆರ್ಡೂರು ಅಣ್ಣ, "ಎಲ್ಲ ಹುಳಕ್ಕೂ ಒಂದೇ ಮದ್ದು" ಎಂಬಲ್ಲೇ ನನ್ನ ತಕರಾರು. ನಾನು ಕೃಷಿ ಓದಿದವನು, ದಿನಾ ರೈತರ ಜೊತೆ ಇರುವವನು. ಕಾಪುವಿನವರು ಹೇಳಿದ್ದು ಮೂರು ಬೇರೆ ಬೇರೆ ಕೀಟ. ಮೂರೂ ಬೇರೆ ಬೇರೆ ರೀತಿಯಲ್ಲಿ ಬದುಕುತ್ತವೆ.

ಅಲಸಂಡೆಯ ಹೇನು ಎಲೆಯ ಹೊರಗೆ ಕುಳಿತು ರಸ ಹೀರುತ್ತದೆ. ಮೈ ಮೆತ್ತಗೆ. ಹೊಡೆದ ದ್ರಾವಣ ಅದಕ್ಕೆ ನೇರ ತಾಗುತ್ತದೆ. ಸಾಬೂನು ನೀರು, ಬೇವಿನ ಎಣ್ಣೆ, ಬೆಳ್ಳುಳ್ಳಿ ಎಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ.

ಬದನೆಯ ಚಿಗುರು ಬಾಡಿದರೆ ಅದು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಬಾಡಿದ ಕುಡಿಯನ್ನು ಒಂದು ಗೇಣು ಕೆಳಗೆ ಕತ್ತರಿಸಿ, ಉದ್ದಕ್ಕೆ ಸೀಳಿ ನೋಡಿ. ಒಳಗೆ ಹಿಕ್ಕೆ ತುಂಬಿದ ಸುರಂಗ, ಅದರ ತುದಿಯಲ್ಲಿ ತಿಳಿ ಗುಲಾಬಿ ಬಣ್ಣದ ಸಣ್ಣ ಮರಿಹುಳು ಇರುತ್ತದೆ. ಅದು ಒಳಗೆ ಹೊಕ್ಕ ಮೇಲೆ ಹೊರಗಿನಿಂದ ಯಾವ ಕಷಾಯ ಹೊಡೆದರೂ ತಾಗುವುದಿಲ್ಲ. ಅಂಗಡಿಯ ವಿಷ ಕೂಡ ಸರಿಯಾಗಿ ತಾಗುವುದಿಲ್ಲ. ಅದಕ್ಕೇ ಕೆಲವರು ಬದನೆಗೆ ಮೇಲಿಂದ ಮೇಲೆ ವಿಷ ಸುರಿಯುವುದು.

ಹಾಗಲದ ಮಿಡಿ ಕೊಳೆಯುವುದು ಹಣ್ಣು ನೊಣದಿಂದ. ನೊಣ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಚುಚ್ಚಿ ಇಡುತ್ತದೆ. ಹುಳು ಒಳಗೇ ಬೆಳೆಯುತ್ತದೆ. ಕಷಾಯಕ್ಕಿಂತ ಬಲೆ ಮುಖ್ಯ ಇಲ್ಲಿ.

ಸುರತ್ಕಲ್_ತಾರಸಿ
ನಮ್ಮ ತಾರಸಿಯ ಬದನೆಯ ಚಿಗುರು ಸೀಳಿ ನೋಡಿದೆ. ಹುಳು ಇತ್ತು!! ಇಷ್ಟು ದಿನ ನೀರು ಕಮ್ಮಿ ಆಗಿ ಬಾಡಿದ್ದು ಅಂದುಕೊಂಡಿದ್ದೆವು.

ಮಟ್ಟು_ಗದ್ದೆ
ನಮ್ಮದು ಮಟ್ಟುವಿನಲ್ಲಿ ಗುಳ್ಳ, ಅಂದರೆ ನಮ್ಮ ಊರಿನ ಬದನೆ ತಳಿ. ತಲೆಮಾರುಗಳಿಂದ ಇದನ್ನೇ ಬೆಳೆಯುತ್ತಿದ್ದೇವೆ. ಕಾಯಿ ಕೊರೆಯುವ ಹುಳು ನಮಗೆ ಮೊದಲ ಶತ್ರು. ಕೀಟಮಿತ್ರರು ಹೇಳಿದ್ದು ಸರಿ. ಒಳಗೆ ಹೊಕ್ಕಿದ ಮೇಲೆ ಆಟ ಮುಗಿಯಿತು.

ನಮ್ಮಲ್ಲಿ ಮಾಡುವುದು ಹೀಗೆ. ಬಾಡಿದ ಕುಡಿ ಕಂಡ ದಿನವೇ ಚಿವುಟಿ ತೆಗೆಯುವುದು. ಗದ್ದೆಯ ಹುಣಿಯಲ್ಲಿ ಎಸೆದರೆ ಹುಳು ಹೊರಗೆ ಬಂದು ಮಣ್ಣಿಗೆ ಇಳಿಯುತ್ತದೆ. ಹಾಗಾಗಿ ಚೀಲದಲ್ಲಿ ತುಂಬಿಸಿ ಸುಡಬೇಕು. ತೂತು ಬಿದ್ದ ಕಾಯಿಯೂ ಹಾಗೆಯೇ. ಗಂಡು ಪತಂಗ ಹಿಡಿಯಲು ಮೋಹಕ ಬಲೆ ಇಡುತ್ತೇವೆ. ಇದರ ಜೊತೆಗೆ, ಹೂ ಬಿಡಲು ಸುರುವಾದಾಗಿನಿಂದ ಹತ್ತು ಹದಿನೈದು ದಿನಕ್ಕೊಮ್ಮೆ ಬೇವಿನ ಬೀಜದ ಕಷಾಯ. ಅದು ಪತಂಗ ಮೊಟ್ಟೆ ಇಡುವುದನ್ನು ಕಮ್ಮಿ ಮಾಡುತ್ತದೆ. ಹುಳು ಬಂದ ಮೇಲೆ ಓಡಿಸುವ ಮದ್ದು ಅದಲ್ಲ, ಬರದ ಹಾಗೆ ತಡೆಯುವ ಮದ್ದು. ಈ ಒಂದು ಮಾತು ತಲೆಗೆ ಹೋದರೆ ಅರ್ಧ ಕೆಲಸ ಆದ ಹಾಗೆ.

ಮೂಡುಬಿದಿರೆ_ಟೀಚರ್
ಗುಳ್ಳದ ಮಾತು ಬಂತು, ಹೇಳದೆ ಇರಲಿಕ್ಕೆ ಆಗುವುದಿಲ್ಲ. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದಕ್ಕೆ ಒಂದು ವರ್ಷ ಮೊದಲು, 2010ರ ಫೆಬ್ರವರಿಯಲ್ಲಿ, ಕೇಂದ್ರ ಸರ್ಕಾರ ಬಿಟಿ ಬದನೆಗೆ (ಕುಲಾಂತರಿ ತಳಿ) ತಡೆ ಹಾಕಿತ್ತು. ಬಿಟಿ ಬದನೆ ತಂದದ್ದೇ ಈ ಕೊರೆಯುವ ಹುಳದ ಹೆಸರಿನಲ್ಲಿ. ಆಗ ಉಡುಪಿಯಲ್ಲಿ ಎಷ್ಟು ಚರ್ಚೆ ಆಗಿತ್ತು ನೆನಪುಂಟಾ? ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಎಂದು ನಂಬಿಕೊಂಡು ಬಂದ ತಳಿ ಅದು.

ಶಿರ್ವ_ಅಜ್ಜಿಮನೆ
ಗುಳ್ಳದ ಹುಳಿ, ಕುಚ್ಚಲಕ್ಕಿ ಅನ್ನ. ಬೇರೆ ಎಂತ ಬೇಕು ಮಾರಾಯ್ರೆ.

ಕಾಪು_ಹಿತ್ತಿಲು
ಮಟ್ಟು ಅಣ್ಣ, ಬೇವಿನ ಬೀಜದ ಕಷಾಯ ಎಂದಿರಿ. ಎಲೆ ಆಗುವುದಿಲ್ವಾ? ಎಲೆಯಾದರೆ ಪರಿಚಯದವರ ಮನೆಯಲ್ಲಿ ಒಂದು ಮರ ಉಂಟು. ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಸಾಕಾಗುತ್ತದಾ?

ಬ್ರಹ್ಮಾವರ_ಕೀಟಮಿತ್ರ
ಇದು ಎಲ್ಲರೂ ಕೇಳುವ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಬೇವಿನಲ್ಲಿ ಕೀಟಕ್ಕೆ ಮುಖ್ಯವಾಗಿ ತಾಗುವ ಅಂಶ ಅಜಾಡಿರಾಕ್ಟಿನ್. ಅದು ಬೀಜದ ತಿರುಳಿನಲ್ಲಿ ಜಾಸ್ತಿ, ಎಲೆಯಲ್ಲಿ ತುಂಬ ಕಮ್ಮಿ. ಅದು ಹುಳವನ್ನು ಆ ಕ್ಷಣಕ್ಕೆ ಕೊಲ್ಲುವುದಿಲ್ಲ. ಎರಡು ಕೆಲಸ ಮಾಡುತ್ತದೆ. ಒಂದು, ಎಲೆಯ ರುಚಿ ಕೆಡಿಸುತ್ತದೆ, ಹುಳು ತಿನ್ನುವುದನ್ನು ಬಿಡುತ್ತದೆ. ಎರಡು, ಮರಿಹುಳು ಪೊರೆ ಕಳಚಿ ಬೆಳೆಯಲು ಬೇಕಾದ ಹಾರ್ಮೋನಿನ ದಾರಿ ತಪ್ಪಿಸುತ್ತದೆ. ಪೊರೆ ಬಿಡಲಾಗದೆ ಅದು ಸಾಯುತ್ತದೆ. ಇದಕ್ಕೆ ಕೆಲವು ದಿನ ಬೇಕು. ನಮ್ಮವರು ಸಾಯಂಕಾಲ ಹೊಡೆದು, ಬೆಳಿಗ್ಗೆ ಹುಳು ಜೀವಂತ ಕಂಡರೆ "ಇದು ಸುಮ್ನೆ" ಎಂದು ಬಿಟ್ಟುಬಿಡುತ್ತಾರೆ.

ಕುದಿಸಬೇಡಿ. ಬಿಸಿಗೆ ಆ ಅಂಶ ಹಾಳಾಗುತ್ತದೆ. ಬಿಸಿಲಿಗೂ ಬೇಗ ಒಡೆಯುತ್ತದೆ. ಅದಕ್ಕೇ ಸಾಯಂಕಾಲ ಹೊಡೆಯಿರಿ ಎನ್ನುವುದು. ಜೇನುನೊಣಗಳೂ ಅಷ್ಟು ಹೊತ್ತಿಗೆ ಗೂಡು ಸೇರಿರುತ್ತವೆ.

ಅಳತೆ: 100 ಲೀಟರಿಗೆ 5 ಕಿಲೋ ತಿರುಳು. ನಿಮ್ಮ ಹಿತ್ತಿಲಿಗಾದರೆ 10 ಲೀಟರಿಗೆ ಅರ್ಧ ಕಿಲೋ. ಸಿಪ್ಪೆ ತೆಗೆದ ತಿರುಳಿನ ಲೆಕ್ಕ ಇದು. ಒರಳಿನಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹಳೆ ಪಂಚೆಯ ತುಂಡಿನಲ್ಲಿ ಸಡಿಲ ಗಂಟು ಕಟ್ಟಿ, ಒಂದೆರಡು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಮಾರನೆ ದಿನ ಆ ಗಂಟನ್ನು ನೀರಿನೊಳಗೇ ಹಿಂಡುತ್ತಾ ಹೋಗಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬರುವ ನೀರು ತಿಳಿಯಾಗುವವರೆಗೆ ಹಿಂಡಬೇಕು. ಸೋಸಿ, ಉಳಿದ ನೀರು ಸೇರಿಸಿ, 20 ಗ್ರಾಂ ಬಾರ್ ಸಾಬೂನು ಕರಗಿಸಿ ಹಾಕಿ. ಸಾಬೂನು ಇಲ್ಲದಿದ್ದರೆ ದ್ರಾವಣ ಎಲೆ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಿ. ನಾಳೆಗೆ ಇಟ್ಟರೆ ಬಲ ಇಲ್ಲ.

ಪೆರ್ಡೂರು_ಸಹಜ
ಎಲೆಯಲ್ಲಿ ಕಮ್ಮಿ ಎಂದರೆ ಏನೂ ಇಲ್ಲ ಎಂದಲ್ಲ. ಸಹಜ ಕೃಷಿಯ ಸುಭಾಷ್ ಪಾಳೇಕರ್ ಅವರ ನೀಮಾಸ್ತ್ರದಲ್ಲಿ ಎಲೆಯನ್ನೇ ಹಾಕುವುದು. 100 ಲೀಟರಿಗೆ 5 ಕಿಲೋ ಎಲೆ, 5 ಲೀಟರ್ ಗಂಜಳ, 2 ಕಿಲೋ ಸೆಗಣಿ, ಒಂದು ದಿನ ಬಿಡುವುದು. ಕುದಿಸುವುದಿಲ್ಲ. ರಸ ಹೀರುವ ಸಣ್ಣ ಕೀಟಕ್ಕೆ ನಮ್ಮಲ್ಲಿ ಚೆನ್ನಾಗಿ ಹಿಡಿದಿದೆ. ಕೊಟ್ಟಿಗೆ ಇರುವವನಿಗೆ ಖರ್ಚೇ ಇಲ್ಲ. ಘಟ್ಟದ ಮೇಲಿಂದ ಬೀಜ ತರಿಸಿ, ಕುಟ್ಟಿ, ಹಿಂಡಿ ಅಂದರೆ ಎಷ್ಟು ಜನ ಮಾಡುತ್ತಾರೆ ಹೇಳಿ?

ಬ್ರಹ್ಮಾವರ_ಕೀಟಮಿತ್ರ
ಹೇನಿಗೆ ಹಿಡಿಯಬಹುದು, ಒಪ್ಪಿದೆ. ಕಾಯಿ ಕೊರಕಕ್ಕೆ ಅದನ್ನೇ ನಂಬಿ ಕೂರಬೇಡಿ ಎಂಬುದಷ್ಟೇ ನನ್ನ ಮಾತು.

ಹೆಬ್ರಿ_ಅಡಿಕೆ
ನಮ್ಮ ಅಡಿಕೆಗೆ ಕೊಳೆರೋಗ. ಈ ಬೇವಿನ ಕಷಾಯ ಅದಕ್ಕೂ ಆಗುತ್ತದಾ? ಮೈಲುತುತ್ತು ಕಮ್ಮಿ ಮಾಡಬಹುದಲ್ವಾ?

ಬ್ರಹ್ಮಾವರ_ಕೀಟಮಿತ್ರ
ಆಗುವುದಿಲ್ಲ ಅಣ್ಣ. ಕೊಳೆರೋಗ ಕೀಟ ಅಲ್ಲ, ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ರೋಗ. ಅದಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೇ ಸರಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ. ಇದರಲ್ಲಿ ಪ್ರಯೋಗ ಮಾಡಲು ಹೋಗಿ ಒಂದು ವರ್ಷದ ಫಸಲು ಕಳೆದುಕೊಳ್ಳಬೇಡಿ. ರೋಗ ಬೇರೆ, ಕೀಟ ಬೇರೆ.

ಹೆಬ್ರಿ_ಅಡಿಕೆ
ಸರಿ, ಅರ್ಥ ಆಯಿತು. ಮದ್ದು ಬಿಡುವವರು ಸಿಗುವುದೇ ದೊಡ್ಡ ಸಮಸ್ಯೆ, ಅದಕ್ಕೇ ಕೇಳಿದ್ದು.

ಕೊಕ್ಕಡದ_ಹುಡುಗ
ಈಗ ಮಂಗಳೂರಿನಲ್ಲಿದ್ದೇನೆ, ಊರು ಕೊಕ್ಕಡದ ಕಡೆ. ಈ ವಿಷಯ ನನಗೆ ಬರೀ ತರಕಾರಿಯ ವಿಷಯ ಅಲ್ಲ. ಗೇರು ತೋಟಕ್ಕೆ, ಟೀ ಸೊಳ್ಳೆ ಎಂಬ ಕೀಟಕ್ಕೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ನಮ್ಮದು. ಕಾಸರಗೋಡಿನಲ್ಲೂ ಅದೇ ಕತೆ. ಇವತ್ತಿಗೂ ಹಾಸಿಗೆಯಿಂದ ಏಳಲಾಗದ ಮಕ್ಕಳು, ಅವರನ್ನು ನೋಡಿಕೊಳ್ಳುತ್ತಲೇ ಮುದುಕರಾದ ತಂದೆ ತಾಯಿ ನಮ್ಮ ಕಣ್ಣೆದುರಿಗೆ ಇದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿ ಹೋಗಿತ್ತು.

ಹಾಗಾಗಿ ಕಷಾಯ ಸ್ವಲ್ಪ ನಿಧಾನ, ಸ್ವಲ್ಪ ಕಮ್ಮಿ ಹಿಡಿಯುತ್ತದೆ ಎಂದು ಯಾರಾದರೂ ಅಂದರೆ ನನ್ನ ಉತ್ತರ ಇಷ್ಟೇ. ನಿಧಾನ ಆದರೆ ಆಗಲಿ. ನಾಲ್ಕು ಬದನೆ ಹುಳು ತಿಂದರೆ ತಿನ್ನಲಿ.

ಕಾಪು_ಹಿತ್ತಿಲು
ನಿಮ್ಮ ಮಾತು ಓದಿ ಮನಸ್ಸು ಭಾರ ಆಯಿತು. ಬರೆದದ್ದು ಒಳ್ಳೆಯದಾಯಿತು.

ಬಂಟಕಲ್ಲು_ಮಲ್ಲಿಗೆ
ಕೊಕ್ಕಡದವರ ನೋವಿಗೆ ಎದುರು ಮಾತಿಲ್ಲ. ಆದರೆ ಗಿಡದಿಂದ ಬಂದದ್ದೆಲ್ಲ ಮೆತ್ತಗಿನದು ಎಂದು ಯಾರೂ ತಿಳಿಯಬಾರದು. ಹೊಗೆಸೊಪ್ಪಿನ ಕಷಾಯದ ಮಾತು ಮೇಲೆ ಬಂದಿದೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ನೆನೆಸಿದ ನೀರಿಗೆ ಬರಿಗೈ ಹಾಕಿ ಹಿಂಡಿದರೆ ತಲೆಸುತ್ತು, ವಾಂತಿ, ಎದೆ ಬಡಿತ. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಹೀಗೇ ಆಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಅಗ್ನಿಅಸ್ತ್ರ ಎಂದು ಮಾಡುತ್ತಾರಲ್ಲ, ಅದರಲ್ಲೂ ಹೊಗೆಸೊಪ್ಪು ಉಂಟು, ಹಸಿಮೆಣಸು, ಬೆಳ್ಳುಳ್ಳಿ ಜೊತೆಗೆ. ಒಲೆಯ ಮೇಲೆ ಕುದಿಸುವಾಗ ಆ ಹಬೆ ಮಕ್ಕಳ ಮೂಗಿಗೆ ಹೋಗಬಾರದು.

ಬ್ರಹ್ಮಾವರ_ಕೀಟಮಿತ್ರ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕವನ್ನು ನಮ್ಮ ದೇಶದಲ್ಲಿ ಬಳಸುವುದಕ್ಕೇ ನಿಷೇಧ ಉಂಟು. ಅದೇ ವಿಷವನ್ನು ಮನೆಯಲ್ಲಿ ಕುದಿಸಿ, ತಿನ್ನುವ ಹರಿವೆಗೆ ಹೊಡೆದು, "ಸಾವಯವ" ಎಂದು ಕರೆದರೆ ಹೇಗೆ? ಸೀತಾಫಲದ ಬೀಜವೂ ಹಾಗೆ. ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕಾರ್ನಿಯಾಕ್ಕೇ ಗಾಯ ಆಗುತ್ತದೆ. ತಲೆಹೇನಿಗೆ ಹಚ್ಚಲು ಹೋಗಿ ಕಣ್ಣು ಕೆಡಿಸಿಕೊಂಡವರಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಇವೆರಡೂ ಬೇಡ.

ಪೆರ್ಡೂರು_ಸಹಜ
ಎಲ್ಲದಕ್ಕೂ ಹೆದರಿಸಿದರೆ ಜನ ಪುನಃ ಅಂಗಡಿಗೇ ಹೋಗುತ್ತಾರೆ. ಹೊಗೆಸೊಪ್ಪಿಗೆ ಕೈಗವಸು ಹಾಕಿಕೊಂಡರೆ ಆಯಿತು. ಸಾವಿರಾರು ವರ್ಷದ ಕೃಷಿ ನಮ್ಮದು.

ಬಂಟಕಲ್ಲು_ಮಲ್ಲಿಗೆ
ಹೆದರಿಸುವುದಲ್ಲ ಅಣ್ಣ. ತುಳುವಿನ ಆಟಿ ತಿಂಗಳ ಅಮಾವಾಸ್ಯೆಗೆ ಹಾಳೆ ಮರದ ಕಷಾಯ ಕುಡಿಯುತ್ತೇವಲ್ಲ, ಕತ್ತಲೆಯಲ್ಲಿ ತಪ್ಪಿ ಕಾಸರಕದ ತೊಗಟೆ ತಂದರೆ ಜೀವವೇ ಹೋಗುತ್ತದೆ ಎಂದು ಹಿರಿಯರು ವರ್ಷ ವರ್ಷ ಎಚ್ಚರಿಸುವುದಿಲ್ವಾ? ಅದೂ ಮರದ ತೊಗಟೆಯೇ. ನಮ್ಮ ಹಿರಿಯರು ಸೊಪ್ಪನ್ನು ನಂಬಿದ್ದರು. ಯಾವ ಸೊಪ್ಪು ಎಂದು ಗುರುತೂ ಹಿಡಿಯುತ್ತಿದ್ದರು. ಎರಡೂ ಬೇಕು.

ಶಿರ್ವ_ಅಜ್ಜಿಮನೆ
ಕಾಸರಕದ ಮಾತು ಬಂದಿತಲ್ಲ. ನಮ್ಮ ಅಜ್ಜನ ಕಾಲದಲ್ಲಿ ಗದ್ದೆಗೆ ಕಾಸರಕದ ಗೆಲ್ಲು ಊರುತ್ತಿದ್ದರು, ಹುಳು ಬರುವುದಿಲ್ಲ ಎಂದು. ಇದಕ್ಕೆ ಅರ್ಥ ಇದೆಯಾ ಅಥವಾ ಬರೀ ನಂಬಿಕೆಯಾ?

ಮೂಡುಬಿದಿರೆ_ಟೀಚರ್
ನನಗೆ ಗೊತ್ತಿರುವ ಮಟ್ಟಿಗೆ ಊರಿದ ಗೆಲ್ಲಿನಿಂದ ವಿಷ ಹರಡಿ ಹುಳು ಸಾಯುವುದಿಲ್ಲ. ಆದರೆ ಗದ್ದೆ ನಡುವೆ ಗೆಲ್ಲು ನಿಂತರೆ ಕಾಜಾಣ ಬಂದು ಕೂರುತ್ತದೆ. ಅಲ್ಲಿಂದ ಹಾರಿ ಹಾರಿ ಪತಂಗ, ಹುಳು ಹಿಡಿಯುತ್ತದೆ. ಈಗ ಕೃಷಿ ಇಲಾಖೆಯವರೂ ಹಕ್ಕಿ ಕೂರಲು ಗದ್ದೆಯಲ್ಲಿ ಕೋಲು ಊರಿ ಎನ್ನುತ್ತಾರೆ. ಅಜ್ಜನ ಗೆಲ್ಲು ಆ ಕೆಲಸವನ್ನೂ ಮಾಡುತ್ತಿತ್ತು.

ಬೇವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಿಡತೆ ದಂಡಿನ ಎದುರು ಬೇವಿನ ಬೀಜದ ನೀರನ್ನು ಪರೀಕ್ಷೆ ಮಾಡಿದರು. ಹೊಡೆದ ಬೆಳೆಯನ್ನು ಮಿಡತೆ ಮುಟ್ಟಲಿಲ್ಲ. ಆಮೇಲೆ ಅಮೆರಿಕದ ಕಂಪನಿಯೊಂದು ಅಲ್ಲಿನ ಕೃಷಿ ಇಲಾಖೆಯ ಜೊತೆ ಸೇರಿ ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಯುರೋಪಿನಲ್ಲಿ ಪೇಟೆಂಟ್ ಪಡೆದುಕೊಂಡಿತು. ನಮ್ಮವರು ಹೋರಾಡಿದರು. 2000ದಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ನಮ್ಮ ಹಿತ್ತಿಲ ಜ್ಞಾನಕ್ಕೆ ಇಷ್ಟು ಬೆಲೆ ಉಂಟು ಎಂದು ಮಕ್ಕಳಿಗೆ ಪಾಠ ಮಾಡುವಾಗ ನಾನು ತಪ್ಪದೆ ಹೇಳುತ್ತೇನೆ.

ಸುರತ್ಕಲ್_ತಾರಸಿ
ತಾರಸಿಯಲ್ಲಿ ಕುಟ್ಟುವುದು, ಹಿಂಡುವುದು ಕಷ್ಟ. ಬಾಟಲಿಯಲ್ಲಿ ಸಿಗುವ ಬೇವಿನ ಎಣ್ಣೆ ಆಗುತ್ತದಲ್ಲ? ಒಂದರ ಮೇಲೆ 300 ಪಿಪಿಎಂ, ಇನ್ನೊಂದರ ಮೇಲೆ 10000 ಪಿಪಿಎಂ ಎಂದಿರುತ್ತದೆ. ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸ.

ಮಟ್ಟು_ಗದ್ದೆ
ಆ ಸಂಖ್ಯೆ ಅಜಾಡಿರಾಕ್ಟಿನ್ ಎಷ್ಟಿದೆ ಎಂದು ಹೇಳುವುದು. 10000 ಅಂದರೆ ಶೇಕಡಾ 1. 1500 ಅಂದರೆ ಶೇಕಡಾ 0.15. ಸಂಖ್ಯೆ ಬೇರೆ ಆದರೆ ಲೀಟರಿಗೆ ಹಾಕುವ ಅಳತೆಯೂ ಬೇರೆ. ಒಂದರ ಅಳತೆ ಇನ್ನೊಂದಕ್ಕೆ ಹಾಕಬೇಡಿ, ಲೇಬಲ್ ಓದಿ. ಸರ್ಕಾರದ ನೋಂದಣಿ ಸಂಖ್ಯೆ ಇಲ್ಲದೆ, ಬರೀ "ಸಾವಯವ, ಎಲ್ಲ ಕೀಟಕ್ಕೆ ರಾಮಬಾಣ" ಎಂದು ಬರೆದ ಬಾಟಲಿ ಮಾತ್ರ ತರಬೇಡಿ. ಒಂದೇ ದಿನದಲ್ಲಿ ಹುಳವೆಲ್ಲ ಉದುರಿ ಬಿದ್ದರೆ ಒಳಗೆ ಬೇರೆ ಎಂತದೋ ಇದೆ ಎಂದೇ ಅನುಮಾನ ಪಡಬೇಕು. ಬೇವು ಹಾಗೆ ಕೊಲ್ಲುವುದಿಲ್ಲ.

ಬಂಟಕಲ್ಲು_ಮಲ್ಲಿಗೆ
ಅಲಸಂಡೆ ಹೇನಿಗೆ ನಮ್ಮಲ್ಲಿ ಮಾಡುವುದು ಬೇವಿನ ಎಣ್ಣೆ, ಬೆಳ್ಳುಳ್ಳಿ. 10 ಲೀಟರಿಗೆ 200 ಮಿಲಿ ಎಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಬಾರ್ ಸಾಬೂನು. ಕೇರಳದ ಕಡೆ ತುಂಬ ಬಳಕೆಯಲ್ಲಿರುವ ಕ್ರಮ ಇದು. ಮೊದಲು ಸಾಬೂನನ್ನು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ. ಅದಕ್ಕೆ ಎಣ್ಣೆಯನ್ನು ನಿಧಾನ ಸುರಿಯುತ್ತಾ ಕಲಕಿ. ಬೆಳ್ಳಗೆ, ಎಣ್ಣೆ ತೇಲದ ಹಾಗೆ ಬೆರೆಯಬೇಕು. ಆಮೇಲೆ ಬೆಳ್ಳುಳ್ಳಿ ಅರೆದು ಸೋಸಿದ ರಸ, ಕೊನೆಗೆ ನೀರು. ಎಣ್ಣೆ ಮೇಲೆ ತೇಲಿದರೆ ಎಲೆ ಸುಡುತ್ತದೆ. ಮೊದಲು ನಾಲ್ಕು ಎಲೆಗೆ ಹೊಡೆದು ಎರಡು ದಿನ ನೋಡಿ, ಆಮೇಲೆ ಇಡೀ ಸಾಲಿಗೆ.

ಸಾಬೂನು ಅಂದರೆ ಬಾರ್ ಸಾಬೂನು. ಬಟ್ಟೆ ಒಗೆಯುವ ಪೌಡರ್ ಹಾಕಬೇಡಿ, ಎಳೆ ಎಲೆ ಕರಟುತ್ತದೆ.

ಮಲ್ಲಿಗೆಗೆ ಮಾತ್ರ ನಾನು ಎಣ್ಣೆ ಮುಟ್ಟಿಸುವುದಿಲ್ಲ. ಮೊಗ್ಗಿಗೆ ವಾಸನೆ ಹಿಡಿಯುತ್ತದೆ. ಹೂ ಮಾರುವ ಕಟ್ಟೆಗೆ ಹೂ ಕೊಡುವವರಿಗೆ ಅದು ಆಗುವುದಿಲ್ಲ. ಅಲ್ಲಿ ಬೀಜದ ಕಷಾಯವೇ, ಅದೂ ಹೂ ಕೊಯ್ದಾದ ದಿನದ ಸಾಯಂಕಾಲ.

ಮೂಡುಬಿದಿರೆ_ಟೀಚರ್
ಶಂಕರಪುರ ಮಲ್ಲಿಗೆ ಅಟ್ಟೆಗೆ (ಕಟ್ಟಿದ ಹೂವಿನ ಅಳತೆ) ಈಗ ಎಷ್ಟು ಅಕ್ಕ? ಮನೆಯಲ್ಲಿ ಮದುವೆ ಉಂಟು.

ಬಂಟಕಲ್ಲು_ಮಲ್ಲಿಗೆ
ದಿನಾ ಬದಲಾಗುತ್ತದೆ ಟೀಚರ್. ಕಟ್ಟೆಯಲ್ಲಿ ಬೆಳಿಗ್ಗೆ ಹೇಳಿದ್ದೇ ರೇಟು. ಮದುವೆ ಸೀಸನ್ನಿನಲ್ಲಿ ಕೇಳುವುದೇ ಬೇಡ. ಮೊದಲೇ ಹೇಳಿಡಿ.

ಕಾಪು_ಹಿತ್ತಿಲು
ಹಾಗಲಕ್ಕೆ ಬಲೆ ಎಂದಿರಲ್ಲ, ಯಾವ ಬಲೆ? ತುಳಸಿ ಅರೆದು ಇಟ್ಟರೆ ನೊಣ ಬರುತ್ತದೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ.

ಬ್ರಹ್ಮಾವರ_ಕೀಟಮಿತ್ರ
ತುಳಸಿಯಲ್ಲಿ ಮಿಥೈಲ್ ಯುಜೆನಾಲ್ ಎಂಬ ಪರಿಮಳದ ಅಂಶ ಉಂಟು. ಅದಕ್ಕೆ ಮಾವು, ಪೇರಳೆಗೆ ಬರುವ ಹಣ್ಣು ನೊಣದ ಗಂಡುಗಳು ಓಡಿ ಬರುತ್ತವೆ. ಆದರೆ ಹಾಗಲ, ಹೀರೆ, ಪಡುವಲ, ಮುಳ್ಳುಸೌತೆಗೆ ಬರುವ ನೊಣ ಬೇರೆ ಜಾತಿ. ಅದು ಆ ಪರಿಮಳಕ್ಕೆ ಬರುವುದಿಲ್ಲ. ಅದಕ್ಕೆ ಕ್ಯೂಲೂರ್ ಎಂಬ ಬೇರೆ ಆಕರ್ಷಕ ಬೇಕು. ವಿಡಿಯೋ ಮಾಡುವವರು ಈ ವ್ಯತ್ಯಾಸ ಹೇಳುವುದಿಲ್ಲ. ಜನ ತುಳಸಿ ಇಟ್ಟು, ಹಾಗಲ ಕೊಳೆಯುವುದನ್ನು ನೋಡುತ್ತಾ ಕೂರುತ್ತಾರೆ.

ಜೊತೆಗೆ, ಕೊಳೆತು ಬಿದ್ದ ಮಿಡಿಯನ್ನು ಬುಡದಲ್ಲೇ ಬಿಡಬೇಡಿ. ಅದರೊಳಗಿನ ಹುಳು ಮಣ್ಣಿಗೆ ಇಳಿದು ನೊಣವಾಗಿ ಮೇಲೆ ಬರುತ್ತದೆ. ಆಳವಾಗಿ ಹೂಳಿ.

ಶಿರ್ವ_ಅಜ್ಜಿಮನೆ
ನಮ್ಮ ಅಮ್ಮ ಹಾಗಲದ ಮಿಡಿ ಬೆರಳುದ್ದ ಆದ ಕೂಡಲೇ ಪೇಪರಿನ ಕೊಟ್ಟೆ (ಚೀಲ) ಹಾಕಿ ಕಟ್ಟುತ್ತಾರೆ. ಕಷಾಯವೂ ಇಲ್ಲ, ಬಲೆಯೂ ಇಲ್ಲ. ಹಿತ್ತಿಲಿಗೆ ಇದೇ ಸುಲಭ. ಮಕ್ಕಳ ಹಳೆ ನೋಟ್‌ಬುಕ್ ಹಾಳೆ ಸಾಕು.

ಸುರತ್ಕಲ್_ತಾರಸಿ
ಇದು ಚೆನ್ನಾಗಿದೆ 👌

ಹೆಬ್ರಿ_ಅಡಿಕೆ
ತೆಂಗಿನ ಬಗ್ಗೆ ಯಾರೂ ಮಾತಾಡಲಿಲ್ಲ. ಕುರುವಾಯಿ ದುಂಬಿ ಸುಳಿ ಕೊರೆದು ಹಾಕುತ್ತದೆ. ಸಸಿ ತೆಂಗು ಉಳಿಸಿಕೊಳ್ಳುವುದೇ ಕಷ್ಟ ಆಗಿದೆ.

ಮಟ್ಟು_ಗದ್ದೆ
ಬೇವಿನ ಹಿಂಡಿ 250 ಗ್ರಾಂ, ಅಷ್ಟೇ ಹೊಯ್ಗೆ (ಮರಳು), ಬೆರೆಸಿ ಮೇಲಿನ ಮೂರು ಮಡಲಿನ ಕಂಕುಳಿಗೆ ತುಂಬಿ. ವರ್ಷಕ್ಕೆ ಮೂರು ಸಲ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಕ್ರಮ. ದುಂಬಿ ಮೊಟ್ಟೆ ಇಡುವುದು ಗೊಬ್ಬರದ ಗುಂಡಿಯಲ್ಲಿ. ಅದನ್ನು ಆಗಾಗ ಕೆದಕಿ ಬಿಳಿ ಹುಳು ಹೆಕ್ಕಿ ಕೋಳಿಗೆ ಹಾಕಿ. ಗುಂಡಿ ಬಿಟ್ಟು ಮರಕ್ಕೆ ಮಾತ್ರ ಮದ್ದು ಹಾಕಿದರೆ ಮುಗಿಯುವ ಕತೆಯಲ್ಲ.

ಕೊಕ್ಕಡದ_ಹುಡುಗ
ತೆಂಗಿಗೆ ಬಿಳಿ ನೊಣವೂ ಬಂದಿದೆಯಲ್ಲ, ಗರಿಯ ಅಡಿಯಲ್ಲಿ ಸುರುಳಿ ಸುರುಳಿ ಬಿಳಿ, ಕೆಳಗಿನ ಗಿಡಕ್ಕೆಲ್ಲ ಕಪ್ಪು ಮಸಿ. ಅದಕ್ಕೆ ಯಾರೋ ಹೇಳಿದರೆಂದು ವಿಷ ಹೊಡೆಯಬೇಡಿ. ಅದನ್ನು ತಿನ್ನುವ ಸಣ್ಣ ಕಣಜ ಉಂಟು, ಎನ್ಕಾರ್ಸಿಯ ಎಂದು. ವಿಷ ಹೊಡೆದರೆ ಮೊದಲು ಸಾಯುವುದು ಅದು. ತುಂಬ ಜಾಸ್ತಿ ಆದಾಗ ಮಾತ್ರ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸಾಬೂನು ಬೆರೆಸಿ. ಮಸಿ ತೆಗೆಯಲು ಶೇಕಡಾ 1ರ ಗಂಜಿ ಹೊಡೆಯುತ್ತಾರೆ. ಒಣಗಿದ ಮೇಲೆ ಮಸಿಯ ಜೊತೆ ಹೊಪ್ಪಳೆಯಾಗಿ ಎದ್ದು ಉದುರುತ್ತದೆ. 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡ ಕೀಟ ಇದು, ಈಗ ನಮ್ಮ ಅಂಗಳಕ್ಕೆ ಬಂದಿದೆ.

ಪೆರ್ಡೂರು_ಸಹಜ
ಇದು ನನ್ನ ಮಾತೇ. ಪ್ರಕೃತಿಯಲ್ಲಿ ಶತ್ರು ಇದ್ದ ಕಡೆ ಮಿತ್ರನೂ ಇರುತ್ತಾನೆ. ಅಲಸಂಡೆ ಹೇನಿನ ನಡುವೆ ಗುಲಗಂಜಿ ಹುಳು ಇದೆಯಾ ನೋಡಿ. ಅದರ ಮರಿ ಬೂದು ಬಣ್ಣ, ಮೈ ಮೇಲೆ ಕಿತ್ತಳೆ ಚುಕ್ಕೆ, ಮೊಸಳೆಯ ಆಕಾರ. ಜನ ಅದನ್ನೇ ಹುಳು ಎಂದು ಹೊಸಕುತ್ತಾರೆ. ಅದು ಹೇನು ತಿನ್ನುವುದು! ಅದು ಕಂಡರೆ ಎಂತದೂ ಹೊಡೆಯಬೇಡಿ. ನಾಲ್ಕು ದಿನ ಬಿಡಿ. ಇರುವೆ ಸಾಲು ಹತ್ತುತ್ತಿದ್ದರೆ ಮಾತ್ರ ಅದನ್ನು ತಡೆಯಿರಿ. ಇರುವೆಗೆ ಹೇನಿನ ಸಿಹಿ ಬೇಕು, ಅದಕ್ಕಾಗಿ ಗುಲಗಂಜಿ ಹುಳುವನ್ನು ಅದೇ ಓಡಿಸುತ್ತದೆ.

ಬ್ರಹ್ಮಾವರ_ಕೀಟಮಿತ್ರ
ಪೆರ್ಡೂರು ಅಣ್ಣ, ಈ ಒಂದು ಮಾತಿಗೆ ನಿಮಗೆ ಕೈ ಮುಗಿದೆ. ಪೂರ್ತಿ ಒಪ್ಪಿದೆ. ಬೇವಿನ ಎಣ್ಣೆ, ಸಾಬೂನು ಮೈಗೆ ನೇರ ಬಿದ್ದರೆ ಆ ಮರಿಗೂ ಪೆಟ್ಟೇ. ಹೇನು ಸ್ವಲ್ಪ ಇದ್ದರೆ ಪೈಪಿನ ನೀರನ್ನು ಜೋರಾಗಿ ಹಾಯಿಸಿದರೂ ಉದುರುತ್ತದೆ.

ಶಿರ್ವ_ಅಜ್ಜಿಮನೆ
ಅಲಸಂಡೆ ಬೀಜ ತೆಗೆದಿಡುವಾಗ ಹುಳು ಹಿಡಿಯುವುದಕ್ಕೆ ಎಂತ ಮಾಡುತ್ತೀರಿ? ನಮ್ಮಲ್ಲಿ ನೆಕ್ಕಿ ಸೊಪ್ಪು ಒಣಗಿಸಿ ಡಬ್ಬಿಗೆ ಹಾಕುತ್ತೇವೆ, ಬೂದಿಯೂ ಹಾಕುತ್ತೇವೆ.

ಮಟ್ಟು_ಗದ್ದೆ
ಬಜೆಯ ಬೇರು ಪುಡಿ ಮಾಡಿ ಕಿಲೋಗೆ 10 ಗ್ರಾಂ ಬೆರೆಸಿ. ಒಳ್ಳೆ ಹಿಡಿಯುತ್ತದೆ. ಬಿತ್ತನೆ ಬೀಜಕ್ಕೆ ಮಾತ್ರ, ಅಡುಗೆಯ ಕಾಳಿಗೆ ಬೇಡ.

ಸುರತ್ಕಲ್_ತಾರಸಿ
ಮಳೆಗಾಲದಲ್ಲಿ ಇದೆಲ್ಲ ಹೇಗೆ? ಬೆಳಿಗ್ಗೆ ಹೊಡೆದರೆ ಮಧ್ಯಾಹ್ನ ತೊಳೆದು ಹೋಗುತ್ತದೆ.

ಬ್ರಹ್ಮಾವರ_ಕೀಟಮಿತ್ರ
ಜೂನ್, ಜುಲೈ ಮಳೆಗೆ ಯಾವ ಕಷಾಯವೂ ನಿಲ್ಲುವುದಿಲ್ಲ, ಅದು ಸತ್ಯ. ಘಟ್ಟದ ಮೇಲಿನವರು ಬರೆದ "ವಾರಕ್ಕೊಮ್ಮೆ ಸಿಂಪಡಿಸಿ" ನಮ್ಮ ಆಟಿ ತಿಂಗಳಿಗೆ ಅಲ್ಲ. ಆಗ ಕೈಯಿಂದ ಹೆಕ್ಕುವುದು, ಬಾಡಿದ್ದನ್ನು ಚಿವುಟುವುದು, ಬುಡಕ್ಕೆ ಬೇವಿನ ಹಿಂಡಿ ಹಾಕುವುದು, ಇಷ್ಟೇ. ಮಳೆ ಬಿಟ್ಟು ಎರಡು ಮೂರು ದಿನ ಬಿಸಿಲು ಕಂಡರೆ ಆಗ ಹೊಡೆಯಿರಿ, ಎಲೆಯ ಅಡಿಭಾಗಕ್ಕೆ. ಹೇನು, ಬಿಳಿ ನೊಣ ಕೂರುವುದೂ ಅಲ್ಲಿಯೇ.

ಕಾಪು_ಹಿತ್ತಿಲು
ಇಷ್ಟು ವಿಷಯ ಸಿಗುತ್ತದೆ ಎಂದು ಎಣಿಸಿರಲಿಲ್ಲ. ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಲಸಂಡೆ ತುದಿ ಈಗಷ್ಟೇ ನೋಡಿ ಬಂದೆ. ಪೆರ್ಡೂರು ಅಣ್ಣ ಹೇಳಿದ ಮೊಸಳೆ ಆಕಾರದ ಮರಿ ಮೂರು ಬಳ್ಳಿಯಲ್ಲಿ ಉಂಟು. ಆ ಬಳ್ಳಿಗಳನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ ಮಾತ್ರ ಬೆಳ್ಳುಳ್ಳಿ ಎಣ್ಣೆ ಹೊಡೆಯುತ್ತೇನೆ. ಬದನೆಗೆ ಬೀಜ ಬೇಕು. ಎಲ್ಲಿಂದ ತರಿಸುವುದು? ಹಳೆಯದಾದರೆ ಆಗುತ್ತದಾ?

ಮಟ್ಟು_ಗದ್ದೆ
ಬೇವಿನ ಹಣ್ಣು ಉದುರುವುದು ಜೂನ್, ಜುಲೈ ಹೊತ್ತಿಗೆ. ಚಿತ್ರದುರ್ಗ, ಬಳ್ಳಾರಿ ಕಡೆ ಹೆಕ್ಕಿ, ತೊಳೆದು, ನೆರಳಲ್ಲಿ ಒಣಗಿಸಿ ಮಾರುತ್ತಾರೆ. ಕೊಯ್ಲಾಗಿ ಮೂರು ತಿಂಗಳಿಂದ ಎಂಟು ತಿಂಗಳೊಳಗಿನದು ಒಳ್ಳೆಯದು. ಅದಕ್ಕಿಂತ ಹಳೆಯದಕ್ಕೆ ಬಲ ಕಮ್ಮಿ. ಒಡೆದಾಗ ತಿರುಳು ಕಪ್ಪಾಗಿದ್ದರೆ, ಬೂಸ್ಟು ವಾಸನೆ ಬಂದರೆ ತೆಗೆದುಕೊಳ್ಳಬೇಡಿ. ನಮ್ಮ ಗುಳ್ಳದವರು ಒಟ್ಟಿಗೆ ಗೋಣಿ ಲೆಕ್ಕದಲ್ಲಿ ತರಿಸುತ್ತೇವೆ. ಈ ಸಲ ಸ್ವಲ್ಪ ಜಾಸ್ತಿ ಹೇಳಿದರೆ ಆಯಿತು. ನಿಮಗೆ ಎಷ್ಟು ಬೇಕು?

ಬಂಟಕಲ್ಲು_ಮಲ್ಲಿಗೆ
ಹಾಗಾದರೆ ನನಗೂ ಹೇಳಿ ಅಣ್ಣ, 5 ಕಿಲೋ.

ಸುರತ್ಕಲ್_ತಾರಸಿ
ತಾರಸಿಗೆ 1 ಕಿಲೋ ಸಾಕು. ಕಟಪಾಡಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ.

ಪೆರ್ಡೂರು_ಸಹಜ
ನನಗೂ 2 ಕಿಲೋ ಇರಲಿ. ಒಂದು ಸಾಲಿಗೆ ಬೀಜದ ಕಷಾಯ, ಪಕ್ಕದ ಸಾಲಿಗೆ ನೀಮಾಸ್ತ್ರ. ಎರಡರ ಕಾಯಿಯನ್ನೂ ಕೊಯ್ದು, ತೂತು ಬಿದ್ದದ್ದು ಎಷ್ಟು ಎಂದು ಇಲ್ಲೇ ಬರೆಯುತ್ತೇನೆ. ಕೀಟಮಿತ್ರರು ಆಗ ಉತ್ತರ ಕೊಡಲಿ.

ಬ್ರಹ್ಮಾವರ_ಕೀಟಮಿತ್ರ
ಖಂಡಿತ. ಆದರೆ ಏನೂ ಹೊಡೆಯದ ಒಂದು ಸಾಲನ್ನೂ ಬಿಡಿ ಅಣ್ಣ. ಅದಿಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು?